ಹತ್ತು ವರ್ಷದ ಸಕ್ಕರೆ ಕಾಯಿಲೆಗೆ ಮೊದಲ ವರ್ಷದ ಚೀಟಿ ಸಾಲದು

ಮಾನ್ಯ ಸಂಪಾದಕರೇ,

ಸಕ್ಕರೆ ಕಾಯಿಲೆ ಬಾರದಂತೆ ನೋಡಿಕೊಳ್ಳುವುದು ಹೇಗೆ ಎಂಬ ಬರಹಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಬರಲಿ, ಬೇಕಾದದ್ದೇ. ಆದರೆ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ ದೇಶದಲ್ಲಿ ಆಗಲೇ 10.1 ಕೋಟಿ ಜನಕ್ಕೆ ಈ ಕಾಯಿಲೆ ಇದೆ. ಅವರಲ್ಲಿ ಹತ್ತು ಹದಿನೈದು ವರ್ಷದಿಂದ ಮಾತ್ರೆ ನುಂಗುತ್ತಿರುವವರ ಪ್ರಶ್ನೆಯೇ ಬೇರೆ. ಅದೇ ಮಾತ್ರೆ, ಅದೇ ಊಟ, ಅದೇ ವಾಕಿಂಗ್, ಆದರೂ ಶುಗರ್ ಯಾಕೆ ಏರುತ್ತಿದೆ? ಮನೆಯವರು "ಕದ್ದು ಸಿಹಿ ತಿಂತೀರಿ" ಎನ್ನುತ್ತಾರೆ. ಪಕ್ಕದ ಮನೆಯವರು ಹಾಗಲಕಾಯಿ ರಸ ಕುಡಿಯಲು ಹೇಳುತ್ತಾರೆ. ಆಸ್ಪತ್ರೆಯಲ್ಲಿ ಒಂದೋ ಹಳೇ ಚೀಟಿಯನ್ನೇ ಮುಂದುವರಿಸುತ್ತಾರೆ, ಇಲ್ಲವೇ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಏರಿದ್ದು ಯಾಕೆ ಎಂದು ಹುಡುಕುವ ಕೆಲಸ ಮಾತ್ರ ಬಿಟ್ಟುಹೋಗುತ್ತದೆ. ಈ ಪತ್ರ ಆ ಹುಡುಕಾಟದ ಬಗ್ಗೆ.

ಮೊದಲು ರೋಗಿಯ ತಲೆ ಮೇಲಿನ ಅಪವಾದ ಇಳಿಸೋಣ. ಬ್ರಿಟನ್ನಿನಲ್ಲಿ 1977ರಿಂದ ಎರಡು ದಶಕ ನಡೆದ ಯುಕೆಪಿಡಿಎಸ್ ಅಧ್ಯಯನ ಐದು ಸಾವಿರಕ್ಕೂ ಹೆಚ್ಚು ಹೊಸ ರೋಗಿಗಳನ್ನು ಹಿಂಬಾಲಿಸಿತು. ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಇನ್ಸುಲಿನ್ ಉತ್ಪಾದಿಸುವ ಬೀಟಾ ಕೋಶಗಳ ಶಕ್ತಿ ಸುಮಾರು ಅರ್ಧಕ್ಕೆ ಇಳಿದಿರುತ್ತದೆ, ಆಮೇಲೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಹೋಗುತ್ತದೆ ಎಂದು ಅದರಲ್ಲಿ ಗೊತ್ತಾಯಿತು. ಒಂದೇ ಔಷಧದಲ್ಲಿ, ತಿಂಗಳುಗಳ ಶುಗರ್ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯ ಅಂಕಿಯನ್ನು ಶೇ 7ರ ಒಳಗೆ ಇಟ್ಟುಕೊಳ್ಳಲು ಮೂರನೇ ವರ್ಷಕ್ಕೆ ಅರ್ಧದಷ್ಟು ಜನಕ್ಕೆ ಸಾಧ್ಯವಾಗಿತ್ತು. ಒಂಬತ್ತನೇ ವರ್ಷಕ್ಕೆ ಆ ಸಂಖ್ಯೆ ಕಾಲು ಭಾಗಕ್ಕೆ ಬಂದು ನಿಂತಿತು. ಅವರೆಲ್ಲ ಕದ್ದು ಸಿಹಿ ತಿಂದವರೇನಲ್ಲ. ಕಾಯಿಲೆಯ ನಡೆಯೇ ಹಾಗೆ, ಆದ್ದರಿಂದ ಚಿಕಿತ್ಸೆಯೂ ಅದರ ಜೊತೆ ಹೆಜ್ಜೆ ಹಾಕಬೇಕು. ಹಾಗೆಂದು ಏರಿದ ಶುಗರನ್ನೆಲ್ಲ ಕಾಯಿಲೆಯ ಸಹಜ ನಡೆ ಎಂದು ತಳ್ಳಿಹಾಕುವಂತೆಯೂ ಇಲ್ಲ. ಸರಿಪಡಿಸಬಹುದಾದ ಕಾರಣಗಳು ಬೇಕಾದಷ್ಟಿವೆ, ಅವನ್ನು ಮೊದಲು ನೋಡಬೇಕು.

ನೋಡುವ ಕೆಲಸ ಅಂಕಿಯಿಂದಲೇ ಶುರುವಾಗಬೇಕು. ಮನೆಯ ಗ್ಲೂಕೋಮೀಟರಿಗೆ ಅಂತರರಾಷ್ಟ್ರೀಯ ಮಾನದಂಡವೇ 100ರ ಮೇಲಿನ ಅಂಕಿಗಳಲ್ಲಿ ಶೇ 15ರಷ್ಟು ಆಚೀಚೆ ಆಗುವುದನ್ನು ಒಪ್ಪುತ್ತದೆ. ಅಂದರೆ ನಿಜವಾದ 150 ಅದರಲ್ಲಿ 128 ಎಂದೂ 172 ಎಂದೂ ತೋರಬಹುದು. ನಿನ್ನೆ 140 ಇತ್ತು, ಇವತ್ತು 160 ಆಯಿತು ಎಂದು ಮಾತ್ರೆ ಬದಲಿಸಲು ಓಡುವುದರಲ್ಲಿ ಅರ್ಥವಿಲ್ಲ. ಮಾವು ಅಥವಾ ಬಾಳೆಹಣ್ಣು ಸುಲಿದ ಕೈಯಲ್ಲೇ ಬೆರಳು ಚುಚ್ಚಿಕೊಂಡರೆ ಅಂಕಿ ಎಲ್ಲಿಗೋ ಏರಿಬಿಡುತ್ತದೆ. ಸೋಪು ಹಾಕಿ ಕೈ ತೊಳೆದು, ಪೂರ್ತಿ ಒರೆಸಿ, ಆಮೇಲೆ ಚುಚ್ಚಬೇಕು. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವಕ್ಕೆ ಸ್ಟ್ರಿಪ್ ಕೆಡುತ್ತದೆ, ಮಲೆನಾಡು ಕರಾವಳಿಯ ಮಳೆಗಾಲದಲ್ಲಂತೂ ಬೇಗ.

ಲ್ಯಾಬಿನ ಪರೀಕ್ಷೆಯಲ್ಲೂ ಎಡವಟ್ಟುಗಳಿವೆ. ಊಟದ ನಂತರದ ಪರೀಕ್ಷೆ ಎಂದರೆ ಎಂದಿನ ಮಾತ್ರೆ, ಎಂದಿನ ತಿಂಡಿ ತೆಗೆದುಕೊಂಡು, ಮೊದಲ ತುತ್ತಿನಿಂದ ಎರಡು ಗಂಟೆ ಲೆಕ್ಕ ಹಾಕಿ ರಕ್ತ ಕೊಡುವುದು. ಪರೀಕ್ಷೆ ಇದೆ ಎಂದು ಮಾತ್ರೆ ಬಿಟ್ಟು ಬಂದರೆ ಅಂಕಿ ಸುಳ್ಳೇ ಏರುತ್ತದೆ. ಎರಡೇ ಇಡ್ಲಿ ತಿಂದು ಬಂದರೆ ಸುಳ್ಳೇ ಇಳಿಯುತ್ತದೆ. ಪರೀಕ್ಷೆಗೆ ಎರಡು ದಿನ ಮೊದಲು ಪಥ್ಯ ಮಾಡಿ ವೈದ್ಯರನ್ನು ಮೆಚ್ಚಿಸುವವರ ಗುಟ್ಟನ್ನು ಎಚ್‌ಬಿಎ1ಸಿ ಬಿಟ್ಟುಕೊಡುತ್ತದೆ. ಅದು ಸುಮಾರು ಮೂರು ತಿಂಗಳ ಸರಾಸರಿ. ಶೇ 7 ಎಂದರೆ ಸರಾಸರಿ 154 ಮಿಲಿಗ್ರಾಂ, ಶೇ 8 ಎಂದರೆ 183, ಶೇ 9 ಎಂದರೆ 212. ಆದರೆ ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಕಬ್ಬಿಣಾಂಶ ಕಡಿಮೆಯಾದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ನಿಜಕ್ಕಿಂತ ಹೆಚ್ಚು ತೋರುತ್ತದೆ. ಇತ್ತೀಚೆಗೆ ರಕ್ತಸ್ರಾವ ಆಗಿದ್ದರೆ, ರಕ್ತ ಹಾಕಿಸಿಕೊಂಡಿದ್ದರೆ, ಡಯಾಲಿಸಿಸ್ ನಡೆಯುತ್ತಿದ್ದರೆ ಕಡಿಮೆ ತೋರಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯ ಎಂಬುದು ಗೊತ್ತಿದ್ದೂ ಹಿಮೋಗ್ಲೋಬಿನ್ ನೋಡದೆ ಎಚ್‌ಬಿಎ1ಸಿ ಒಂದನ್ನೇ ಹಿಡಿದು ಔಷಧ ಏರಿಸುವುದು ತಪ್ಪು.

ಅಂಕಿ ಖಚಿತವಾದ ಮೇಲೆ ಶುಗರ್ ಏರುವುದು ದಿನದ ಯಾವ ಹೊತ್ತಿನಲ್ಲಿ ಎಂಬುದನ್ನು ಹಿಡಿಯಬೇಕು. ಅದಕ್ಕೆ ದುಬಾರಿ ಸಾಧನವೇನೂ ಬೇಡ. ಒಂದು ವಾರ, ದಿನಕ್ಕೆ ಎರಡು ಸ್ಟ್ರಿಪ್ ಸಾಕು. ಮೊದಲ ದಿನ ತಿಂಡಿಗೆ ಮುಂಚೆ ಮತ್ತು ತಿಂಡಿ ಆಗಿ ಎರಡು ಗಂಟೆಗೆ, ಮರುದಿನ ಮಧ್ಯಾಹ್ನದ ಊಟಕ್ಕೆ ಹಾಗೆಯೇ, ಮೂರನೇ ದಿನ ರಾತ್ರಿ ಊಟಕ್ಕೆ, ನಾಲ್ಕನೇ ದಿನ ಮಲಗುವ ಮುಂಚೆ ಮತ್ತು ಮರುದಿನ ಬೆಳಿಗ್ಗೆ ಎದ್ದ ಕೂಡಲೇ. ಮತ್ತೆ ಮೊದಲಿನಿಂದ. ಜೊತೆಗೆ ಏನು ತಿಂದದ್ದು ಎಂದು ಒಂದು ಸಾಲು ಬರೆದಿಟ್ಟರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ಊಟಕ್ಕೆ ಮುಂಚೆ 130, ಆಮೇಲೆ 260 ಬಂದರೆ ತಟ್ಟೆಯಲ್ಲಿ ದೋಷ ಇದೆ, ಇಲ್ಲವೇ ಊಟದ ಹೊತ್ತಿನ ಔಷಧದಲ್ಲಿ.

ಬೆಳಗಿನ ಖಾಲಿ ಹೊಟ್ಟೆಯ ಅಂಕಿ ಬಹಳ ಜನರನ್ನು ಕಾಡುತ್ತದೆ. "ರಾತ್ರಿಯೆಲ್ಲ ಏನೂ ತಿಂದಿಲ್ಲ, ಆದರೂ 200!" ರಾತ್ರಿ ಮಲಗುವಾಗಲೇ 210 ಇದ್ದು ಬೆಳಿಗ್ಗೆ 200 ಆಗಿದ್ದರೆ ತಪ್ಪು ರಾತ್ರಿಯ ಊಟದ್ದು. ಹತ್ತು ಗಂಟೆಗೆ ಹೊಟ್ಟೆ ತುಂಬ ಉಂಡು ಹತ್ತೂವರೆಗೆ ಹಾಸಿಗೆ ಸೇರಿದ್ದರ ಫಲ ಅದು. ಊಟವನ್ನು ಎಂಟಕ್ಕೆ ತಂದು, ಅನ್ನ ಅರ್ಧ ಮಾಡಿ, ಆಮೇಲೆ ಹದಿನೈದು ನಿಮಿಷ ನಡೆದರೆ ಮಾತ್ರೆ ಬದಲಿಸದೆಯೇ ವ್ಯತ್ಯಾಸ ಕಾಣಬಹುದು. ಮಲಗುವಾಗ 140 ಇದ್ದು ಬೆಳಿಗ್ಗೆ 200 ಆದರೆ ಕಥೆ ಬೇರೆ. ಆಗ ಯಕೃತ್ತು ನಸುಕಿನಲ್ಲಿ ತನ್ನ ದಾಸ್ತಾನಿನಿಂದ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತಿದೆ, ಅದನ್ನು ತಡೆಯುವಷ್ಟು ಇನ್ಸುಲಿನ್ ದೇಹದಲ್ಲಿಲ್ಲ ಎಂದರ್ಥ. ಇಂಥವರು ರಾತ್ರಿ ಊಟ ಬಿಟ್ಟರೂ ಹೆಚ್ಚೇನೂ ಗಿಟ್ಟುವುದಿಲ್ಲ. ರಾತ್ರಿಯ ಮೆಟ್‌ಫಾರ್ಮಿನ್ ಅಥವಾ ರಾತ್ರಿಯ ಇನ್ಸುಲಿನ್ ಬಗ್ಗೆ ವೈದ್ಯರು ಯೋಚಿಸಬೇಕಾದ್ದು ಇಲ್ಲಿ. ಬೆಳಗಿನ ಅಂಕಿ ಒಂದನ್ನೇ ತೋರಿಸಿದರೆ ಇವೆರಡರಲ್ಲಿ ಯಾವುದು ಎಂದು ಯಾವ ವೈದ್ಯರಿಗೂ ತಿಳಿಯದು. ಇನ್ಸುಲಿನ್ ತೆಗೆದುಕೊಳ್ಳುವವರು ಇದರ ಜೊತೆಗೆ ಒಂದೆರಡು ದಿನ ಬೆಳಗಿನ ಜಾವ ಮೂರಕ್ಕೂ ನೋಡಿಕೊಳ್ಳುವುದು ಒಳ್ಳೆಯದು, ನಿದ್ದೆಯಲ್ಲಿ ಶುಗರ್ ಲೋ ಆಗುತ್ತಿದ್ದರೆ ಆಗ ಗೊತ್ತಾಗುತ್ತದೆ.

ಇದ್ದಕ್ಕಿದ್ದಂತೆ ಶುಗರ್ ಏರಿದಾಗ ಕೇಳಬೇಕಾದ ಮೊದಲ ಪ್ರಶ್ನೆ ಸ್ಟೀರಾಯ್ಡ್ ಬಗ್ಗೆ. ಮಂಡಿಗೆ ಕೊಡಿಸಿದ ಇಂಜೆಕ್ಷನ್, ಉಬ್ಬಸಕ್ಕೆ ನುಂಗಿದ ಮಾತ್ರೆ, ಚರ್ಮದ ಅಲರ್ಜಿಗೆ ಕೊಟ್ಟ ಗುಳಿಗೆ, ಹೆಸರು ಚೀಟಿ ಇಲ್ಲದೆ ಪೊಟ್ಟಣದಲ್ಲಿ ಸಿಗುವ ಕೀಲುನೋವಿನ ಪುಡಿ ಎಲ್ಲವನ್ನೂ ಕೇಳಬೇಕು. ಬೆಳಿಗ್ಗೆ ನುಂಗಿದ ಪ್ರೆಡ್ನಿಸೊಲೋನ್ ಮಧ್ಯಾಹ್ನದಿಂದ ರಾತ್ರಿಯವರೆಗೆ ಶುಗರ್ ಏರಿಸಿ ಮರುದಿನ ಬೆಳಿಗ್ಗೆಗೆ ಇಳಿಸಿಬಿಡುತ್ತದೆ. ಖಾಲಿ ಹೊಟ್ಟೆಯ ಪರೀಕ್ಷೆ ಮಾತ್ರ ಮಾಡಿಸಿದವರಿಗೆ ಎಲ್ಲ ಸರಿಯಿದೆ ಎಂದೇ ಕಾಣುತ್ತದೆ. ಆಮೇಲಿನ ಪ್ರಶ್ನೆ ಸೋಂಕಿನದು. ಮೂತ್ರದ ಸೋಂಕು, ಕಾಲಿನ ಹುಣ್ಣು, ಕೀವಾದ ಹಲ್ಲು, ಊದಿದ ವಸಡು ಇವು ಸದ್ದಿಲ್ಲದೆ ಶುಗರ್ ಏರಿಸುತ್ತವೆ. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ಇಳಿಯುತ್ತಿರುವ ತೂಕ ಇದ್ದರೆ ಕಫ ಪರೀಕ್ಷೆ ಆಗಲೇಬೇಕು, ಕ್ಷಯಕ್ಕೂ ಸಕ್ಕರೆ ಕಾಯಿಲೆಗೂ ಹಳೆಯ ನಂಟು. ಥೈರಾಯ್ಡನ್ನೂ ಮರೆಯಬಾರದು.

ತೂಕದ ಮಾತಿಗೆ ಇನ್ನೊಂದು. ಶುಗರ್ ಏರುತ್ತಾ ತೂಕವೂ ಏರುತ್ತಿದ್ದರೆ ಊಟ, ಕೆಲಸ, ಔಷಧದ ಹೊಂದಾಣಿಕೆ ನೋಡಬೇಕು. ಶುಗರ್ ಏರುತ್ತಾ ತೂಕ ಇಳಿಯುತ್ತಿದ್ದರೆ ಅದನ್ನು "ಡಯಟ್ ಫಲ ಕೊಡ್ತಿದೆ" ಎಂದು ಖುಷಿಪಡುವಂತಿಲ್ಲ. ದೇಹಕ್ಕೆ ಇನ್ಸುಲಿನ್ ಸಾಲದೆ ಮಾಂಸಖಂಡ ಕರಗುತ್ತಿರಬಹುದು. ಇಂಥವರಿಗೆ ನಾಲ್ಕನೇ ಮಾತ್ರೆ ಕೊಡುತ್ತಾ ಕೂರುವುದು ಕಾಲಹರಣ, ಇನ್ಸುಲಿನ್ ಬೇಕು. ಐವತ್ತು ದಾಟಿದವರಲ್ಲಿ ಕಾರಣವಿಲ್ಲದೆ ಹೀಗಾದರೆ ಮೇದೋಜೀರಕ ಗ್ರಂಥಿಯನ್ನೂ ಸ್ಕ್ಯಾನ್ ಮಾಡಿ ನೋಡಬೇಕು. ಅಲ್ಲಿನ ಗಡ್ಡೆ ಕೆಲವೊಮ್ಮೆ ಹೀಗೆಯೇ ಮೊದಲ ಸುಳಿವು ಕೊಡುತ್ತದೆ.

ಇನ್ನು ತಟ್ಟೆಗೆ ಬರೋಣ. ಅನ್ನ ಬಿಟ್ಟು ಮುದ್ದೆಗೆ ಬಂದೆ, ಚಪಾತಿಗೆ ಬಂದೆ, ಆದರೂ ಇಳಿಯಲಿಲ್ಲ ಎನ್ನುವವರು ಬಹಳ. ಲೆಕ್ಕ ನೋಡಿದರೆ ಆಶ್ಚರ್ಯವಿಲ್ಲ. ನೂರು ಗ್ರಾಂ ಅಕ್ಕಿಯಲ್ಲಿ 78 ಗ್ರಾಂ ಪಿಷ್ಟ ಇದ್ದರೆ ಅಷ್ಟೇ ರಾಗಿಯಲ್ಲಿ ಸುಮಾರು 67, ಗೋಧಿ ಹಿಟ್ಟಿನಲ್ಲಿ 64. ರಾಗಿಯ ಹೆಚ್ಚುಗಾರಿಕೆ ಇರುವುದು ನಾರಿನಲ್ಲಿ. ನೂರು ಗ್ರಾಂಗೆ 11 ಗ್ರಾಂ ನಾರು ಇದೆ, ಅಕ್ಕಿಯಲ್ಲಿ ಮೂರೂ ಇಲ್ಲ. ಕ್ಯಾಲ್ಸಿಯಂ ಅಂತೂ ಧಾರಾಳ. ಆದರೆ ನುಣ್ಣಗೆ ಬೀಸಿದ ಹಿಟ್ಟನ್ನು ಜರಡಿ ಹಿಡಿದು, ಸಿಪ್ಪೆ ಚೆಲ್ಲಿ, ತೆಳುವಾಗಿ ಅಂಬಲಿ ಕಾಯಿಸಿ ಕುಡಿದರೆ ಅದು ಬೇಗ ಜೀರ್ಣವಾಗಿ ಬೇಗ ಶುಗರ್ ಏರಿಸುತ್ತದೆ. ಶುಗರಿಗೆ ಒಳ್ಳೆಯದೆಂದು ದೊಡ್ಡ ಲೋಟದಲ್ಲಿ ರಾಗಿ ಗಂಜಿ ಕುಡಿದು ಅದರ ಮೇಲೆ ತಿಂಡಿಯನ್ನೂ ತಿನ್ನುವವರು ಬೆಳಗಿನ ಹೊತ್ತಿಗೆ ಎರಡು ಊಟ ಮಾಡಿದಂತಾಯಿತು. ಮುದ್ದೆಗೆ ಅಡ್ಡಿಯಿಲ್ಲ. ಐವತ್ತು ಅರವತ್ತು ಗ್ರಾಂ ಹಿಟ್ಟಿನ ಒಂದು ಮುದ್ದೆ, ಅದಕ್ಕೆ ಗಟ್ಟಿ ಬಸ್ಸಾರು ಅಥವಾ ಮೊಳಕೆ ಹುರುಳಿ ಸಾರು, ಪಕ್ಕದಲ್ಲಿ ಬಸಿದ ಸೊಪ್ಪು ಕಾಳಿನ ಪಲ್ಯ. ಆಮೇಲೆ "ಸ್ವಲ್ಪ ಅನ್ನ" ಹಾಕಿಸಿಕೊಳ್ಳಬಾರದು, ಅಷ್ಟೇ. ಸಿರಿಧಾನ್ಯಕ್ಕೂ ಇದೇ ಮಾತು. ನವಣೆಯನ್ನು ಮೂರು ಬಟ್ಟಲು ಉಂಡರೆ ಅದು ಮೂರು ಬಟ್ಟಲೇ.

ನಮ್ಮ ಊಟದಲ್ಲಿ ನಿಜಕ್ಕೂ ಕೊರತೆ ಇರುವುದು ಪ್ರೋಟೀನಿಗೆ. ಚಿತ್ರಾನ್ನ, ಅವಲಕ್ಕಿ, ಉಪ್ಪಿಟ್ಟು, ಖಾಲಿ ದೋಸೆ ಇವೆಲ್ಲ ಹಿಟ್ಟು ಮತ್ತು ಎಣ್ಣೆ. ಅದರ ಜೊತೆ ಎರಡು ಮೊಟ್ಟೆ, ಇಲ್ಲವೇ ಒಂದು ಬಟ್ಟಲು ಬೇಯಿಸಿದ ಕಡಲೆಕಾಳು ಅಥವಾ ಹೆಸರುಕಾಳು ಸೇರಿಸಿ, ತಿಂಡಿಯ ಪ್ರಮಾಣವನ್ನು ಮೂರನೇ ಒಂದು ಪಾಲು ತಗ್ಗಿಸಿದರೆ ಎರಡು ಗಂಟೆಯ ನಂತರದ ಅಂಕಿಯಲ್ಲಿ ಫಲ ಕಾಣುತ್ತದೆ. ಮೊದಲು ಕೋಸಂಬರಿ ಪಲ್ಯ ಕಾಳು ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿದರೂ ಶುಗರ್ ಏರುವ ವೇಗ ತಗ್ಗುತ್ತದೆ. ಬಾಳೆಲೆಯಲ್ಲಿ ಕೋಸಂಬರಿ ಬಡಿಸುವುದೇನೋ ಮೊದಲೇ, ನಾವೇ ಅದನ್ನು ಕೊನೆಗೆ ಉಳಿಸಿಕೊಳ್ಳುತ್ತೇವೆ. ಬೆಲ್ಲ, ಜೇನು, ಸಕ್ಕರೆ ಮೂರೂ ಶುಗರಿನ ಲೆಕ್ಕಕ್ಕೆ ಒಂದೇ. ಕಿಡ್ನಿ ತೊಂದರೆ ಇರುವವರು ಮಾತ್ರ ಪ್ರೋಟೀನಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ಹೆಚ್ಚಿಸಬೇಕು.

ಮಾತ್ರೆಗಳ ವಿಷಯ. ನಮ್ಮಲ್ಲಿ ಅತಿ ಹೆಚ್ಚು ಜನ ನುಂಗುವುದು ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿದ ಜೋಡಿ ಮಾತ್ರೆ. ಮೆಟ್‌ಫಾರ್ಮಿನ್ ಯಕೃತ್ತಿನ ಗ್ಲೂಕೋಸ್ ಉತ್ಪಾದನೆಯನ್ನು ಹಿಡಿದಿಡುತ್ತದೆ. ಗ್ಲಿಮೆಪಿರೈಡ್ ಬೀಟಾ ಕೋಶಗಳಿಂದ ಇನ್ಸುಲಿನ್ ಹಿಂಡಿ ತೆಗೆಯುತ್ತದೆ. ಕೋಶಗಳಲ್ಲೇ ಸರಕು ಮುಗಿದಿದ್ದರೆ ಎಷ್ಟು ಹಿಂಡಿದರೂ ಅಷ್ಟೇ, ದಿನಕ್ಕೆ 4 ಮಿಲಿಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಬಹಳ ಕಡಿಮೆ. ಆದರೂ "ಪವರ್ ಹೆಚ್ಚು ಮಾಡಿ" ಎಂದು ರೋಗಿ ಕೇಳುತ್ತಾರೆ, ಚೀಟಿಯಲ್ಲಿ ಅದೇ ಆಗುತ್ತದೆ. ಈ ಮಾತ್ರೆಯನ್ನು ತಿಂಡಿಗೆ ಸ್ವಲ್ಪ ಮುಂಚೆ ನುಂಗಬೇಕು, ನುಂಗಿ ತಿಂಡಿ ತಪ್ಪಿಸಬಾರದು. ಎಸ್‌ಆರ್ ಎಂದು ಬರೆದ ಮೆಟ್‌ಫಾರ್ಮಿನನ್ನು ಪುಡಿ ಮಾಡಬಾರದು, ಜಗಿಯಬಾರದು. ಅದರ ತೆಳು ಕವಚ ಕೆಲವರಿಗೆ ಮಲದಲ್ಲಿ ಕಾಣುತ್ತದೆ, ಮಾತ್ರೆ ಕರಗಿಲ್ಲ ಎಂದು ಹೆದರುವುದು ಬೇಡ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಬಿ12 ಕಡಿಮೆಯಾಗುತ್ತದೆ. ಆಗ ಬರುವ ಕಾಲುರಿ, ಜೋಮುಗಳನ್ನು ಶುಗರಿನ ನರದ ತೊಂದರೆ ಎಂದೇ ತಿಳಿದು ಬಿಡುವುದುಂಟು. ಮೊದಲೇ ಸಸ್ಯಾಹಾರಿಗಳಾದವರು ಬಿ12 ಒಮ್ಮೆ ನೋಡಿಸಿಕೊಳ್ಳಲಿ.

ಜೋಡಿ ಮಾತ್ರೆ, ಮೂರು ಔಷಧದ ಮಾತ್ರೆಗಳಲ್ಲಿ ಇನ್ನೊಂದು ಅಪಾಯ. ಡಬ್ಬಿಯ ಮೇಲಿನ ದೊಡ್ಡಕ್ಷರದ ಬ್ರಾಂಡ್ ಬೇರೆ ಬೇರೆ, ಒಳಗಿನ ಔಷಧ ಒಂದೇ. ಒಂದು ಊರಿನ ವೈದ್ಯರು ಕೊಟ್ಟದ್ದು ಬೆಳಿಗ್ಗೆ, ಇನ್ನೊಂದು ಊರಿನವರು ಕೊಟ್ಟದ್ದು ರಾತ್ರಿ ಎಂದು ನುಂಗಿದರೆ ಗ್ಲಿಮೆಪಿರೈಡ್ ದುಪ್ಪಟ್ಟಾಗಿರುತ್ತದೆ. ಮಾತ್ರೆಯ ಹಾಳೆಯ ಹಿಂಬದಿಯ ಸಣ್ಣಕ್ಷರವನ್ನು ಮನೆಯ ಓದುಬಲ್ಲ ಹುಡುಗರಿಂದ ಓದಿಸಿ, ಒಳಗಿರುವ ಔಷಧದ ಹೆಸರು ಬರೆದಿಟ್ಟುಕೊಳ್ಳುವುದು ಕ್ಷೇಮ.

ಹೊಸ ಮಾತ್ರೆಗಳು ಶ್ರೀಮಂತರಿಗೆ ಎಂಬ ಕಾಲ ಹೋಯಿತು. ವಿಲ್ಡಾಗ್ಲಿಪ್ಟಿನ್ ಪೇಟೆಂಟ್ 2019ರಲ್ಲಿ, ಡಾಪಾಗ್ಲಿಫ್ಲೋಜಿನ್‌ನದು 2020ರಲ್ಲಿ, ಸಿಟಾಗ್ಲಿಪ್ಟಿನ್‌ನದು 2022ರಲ್ಲಿ, ಎಂಪಾಗ್ಲಿಫ್ಲೋಜಿನ್‌ನದು 2025ರ ಮಾರ್ಚಿನಲ್ಲಿ ಮುಗಿದು ಬೆಲೆ ಹಲವು ಪಟ್ಟು ಇಳಿದಿದೆ. ಗ್ಲಿಪ್ಟಿನ್‌ಗಳು ಮೆಲ್ಲಗೆ ಕೆಲಸ ಮಾಡುತ್ತವೆ, ಒಂಟಿಯಾಗಿ ಕೊಟ್ಟರೆ ಶುಗರ್ ಲೋ ಮಾಡುವುದು ಅಪರೂಪ. ಗ್ಲಿಫ್ಲೋಜಿನ್‌ಗಳು ಹೆಚ್ಚಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಹೃದಯ ದುರ್ಬಲವಾದವರಿಗೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುವವರಿಗೆ ಶುಗರಿನ ಲೆಕ್ಕ ಬಿಟ್ಟೂ ಇವು ರಕ್ಷೆ ಕೊಡುತ್ತವೆ. ಹಾಗಾಗಿ ಹಳೆಯ ರೋಗಿಗಳ ಚೀಟಿಯಲ್ಲಿ ಇವು ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳುವುದು ನ್ಯಾಯ. ಆದರೆ ಇವನ್ನು ಕೊಡುವಾಗ ಹೇಳಬೇಕಾದ ಮಾತನ್ನು ಹೇಳುತ್ತಿಲ್ಲ. ಜನನಾಂಗದಲ್ಲಿ ತುರಿಕೆ, ಬೂಸ್ಟು ಸೋಂಕು ಬರಬಹುದು, ಪ್ರತಿ ಸಲ ಮೂತ್ರ ಮಾಡಿದ ಮೇಲೆ ನೀರಿನಲ್ಲಿ ತೊಳೆದು ಒರೆಸಿಕೊಂಡರೆ ಬಹುಪಾಲು ತಪ್ಪುತ್ತದೆ. ವಾಂತಿ, ಭೇದಿ, ತೀವ್ರ ಜ್ವರ ಬಂದು ಊಟ ಸೇರದಿದ್ದಾಗ, ಉಪವಾಸ ಹಿಡಿದಾಗ ಈ ಮಾತ್ರೆ ನಿಲ್ಲಿಸಬೇಕು. ಆಪರೇಷನ್ ಇದ್ದರೆ ಮೂರು ದಿನ ಮೊದಲೇ ನಿಲ್ಲಿಸಬೇಕು. ಇಲ್ಲವಾದರೆ ಶುಗರ್ 180, 200 ಅಷ್ಟೇ ಇದ್ದರೂ ರಕ್ತದಲ್ಲಿ ಕೀಟೋನ್ ಆಮ್ಲ ತುಂಬಿ ಜೀವಕ್ಕೆ ಕುತ್ತು ಬರಬಹುದು. ಶುಗರ್ ತೀರಾ ಏರಿಲ್ಲ ಎಂದು ಆಸ್ಪತ್ರೆಯಲ್ಲೂ ಇದು ಕೈತಪ್ಪುವುದುಂಟು, ಅದಕ್ಕೇ ಯಾವ ಮಾತ್ರೆ ನುಂಗುತ್ತಿದ್ದೇವೆ ಎಂದು ರೋಗಿಯ ಕಡೆಯವರೇ ಹೇಳಬೇಕು.

ಇಷ್ಟೆಲ್ಲ ನೋಡಿ, ಮೂರು ಬಗೆಯ ಮಾತ್ರೆ ಕೊಟ್ಟ ಮೇಲೂ ಎಚ್‌ಬಿಎ1ಸಿ ಶೇ 9, 10ರಲ್ಲೇ ನಿಂತಿದ್ದರೆ ಇನ್ಸುಲಿನ್ ಮುಂದೂಡಬಾರದು. "ಇನ್ಸುಲಿನ್ ಶುರುವಾದರೆ ಕಥೆ ಮುಗೀತು" ಎಂಬ ಮಾತು ಎಷ್ಟು ಕಾಲು, ಎಷ್ಟು ಕಣ್ಣು ಕಳೆದಿದೆಯೋ. ಕಾಲು ಕತ್ತರಿಸಿದವರಿಗೆಲ್ಲ ಇನ್ಸುಲಿನ್ ಕೊಟ್ಟಿದ್ದರು ಎಂಬುದು ಜನ ಕಣ್ಣಾರೆ ಕಂಡ ಸತ್ಯ. ಆದರೆ ಅವರಿಗೆ ಅದನ್ನು ಕೊಟ್ಟದ್ದು ಕಾಲು ಕೊಳೆತ ಮೇಲೆ, ಐದಾರು ವರ್ಷ ತಡವಾಗಿ. ಶುರು ಮಾಡುವ ಕ್ರಮ ಸರಳ. ರಾತ್ರಿ ಒಂದೇ ಸಲ, ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ 10 ಯೂನಿಟ್. ಬೆಳಗಿನ ಖಾಲಿ ಹೊಟ್ಟೆಯ ಅಂಕಿ ನೋಡುತ್ತಾ ಮೂರು ದಿನಕ್ಕೊಮ್ಮೆ 2 ಯೂನಿಟ್ ಏರಿಸುತ್ತಾ ವೈದ್ಯರು ಹೇಳಿದ ಗುರಿ ಮುಟ್ಟುವುದು. ಸಾಮಾನ್ಯವಾಗಿ ಆ ಗುರಿ 80ರಿಂದ 130. ವಯಸ್ಸಾಗಿ ಒಂಟಿಯಾಗಿರುವವರಿಗೆ, ಹೃದಯ ಕಾಯಿಲೆಯವರಿಗೆ ಗುರಿ ಸಡಿಲ ಇರಬೇಕು, ಎಚ್‌ಬಿಎ1ಸಿ ಶೇ 8 ಇದ್ದರೂ ತಕರಾರಿಲ್ಲ. ನಡುವೆ 70ರ ಕೆಳಗೆ ಇಳಿದರೆ ಡೋಸನ್ನು ಶೇ 10ರಿಂದ 20ರಷ್ಟು ತಗ್ಗಿಸಬೇಕು. ಆದರೆ 10 ಯೂನಿಟ್ ಬರೆದು ಕಳಿಸಿ, ಆರು ತಿಂಗಳಾದರೂ ಅದನ್ನು ಏರಿಸದೆ, "ಇನ್ಸುಲಿನ್ನಿಗೂ ಇಳಿಯಲಿಲ್ಲ" ಎನ್ನುವುದೇ ಹೆಚ್ಚು ನಡೆಯುತ್ತಿದೆ. ಇನ್ನೊಂದು ತುದಿಯೂ ಉಂಟು. ದೇಹತೂಕದ ಕಿಲೋಗೆ ಅರ್ಧ ಯೂನಿಟ್ ದಾಟಿದ ಮೇಲೂ ರಾತ್ರಿಯದನ್ನೇ ಏರಿಸುತ್ತಾ ಹೋದರೆ ಹಗಲಿನ ಊಟದ ಏರಿಕೆ ತಗ್ಗುವುದಿಲ್ಲ, ನಿದ್ದೆಯಲ್ಲಿ ಲೋ ಆಗುವುದು ಹೆಚ್ಚುತ್ತದೆ.

ಸಿರಿಂಜಿನ ಮಾತನ್ನು ಬಿಡಿಸಿ ಹೇಳಲೇಬೇಕು. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್‌ನದು, ಪೆನ್ನಿನ ಕಾರ್ಟ್ರಿಜ್ 100 ಯೂನಿಟ್‌ನದು. 100 ಯೂನಿಟ್‌ನ ಬಾಟಲಿಯೂ ಸಿಗುತ್ತದೆ. ಸಿರಿಂಜೂ ಎರಡು ಬಗೆ: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. 40ರ ಬಾಟಲಿಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್ ಮಾತ್ರ. ಶುಗರ್ ಏರಿಯೇ ಇರುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ತಿರುವುಮುರುವಾಗಿ 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ಕ್ಕೆ ಎಳೆದರೆ ಹೋಗುವುದು 50 ಯೂನಿಟ್. ಅದು ಆಸ್ಪತ್ರೆಗೆ ಒಯ್ಯುವ ಡೋಸು. ಪೆನ್ನು ಕೆಟ್ಟಿತೆಂದು ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯುವವರು ಇದನ್ನು ಗಮನಿಸಬೇಕು. ಬಾಟಲಿಯ ಮೇಲಿನ ಅಂಕಿಯೂ ಸಿರಿಂಜಿನ ಮೇಲಿನ ಅಂಕಿಯೂ ಒಂದೇ ಇದೆಯೇ ಎಂದು ಪ್ರತಿ ಸಲ ಅಂಗಡಿಯ ಕೌಂಟರಿನಲ್ಲೇ ನೋಡಿ ತರಬೇಕು.

ಚುಚ್ಚುವ ಜಾಗ ಎರಡನೆಯದು. ಹೊಕ್ಕುಳಿನ ಪಕ್ಕ ಒಂದೇ ಕಡೆ ನೋವಾಗುವುದಿಲ್ಲ ಎಂದು ದಿನವೂ ಅಲ್ಲೇ ಚುಚ್ಚಿದರೆ ಚರ್ಮದಡಿ ಕೊಬ್ಬು ಗಂಟುಕಟ್ಟುತ್ತದೆ. ಅಂಗೈಯಿಂದ ಮೆಲ್ಲಗೆ ಸವರಿದರೆ ರಬ್ಬರಿನಂಥ ಉಬ್ಬು ಸಿಗುತ್ತದೆ. ಅಲ್ಲಿಗೆ ಹಾಕಿದ ಇನ್ಸುಲಿನ್ ಒಂದು ದಿನ ಹೀರಿಕೊಳ್ಳುತ್ತದೆ, ಒಂದು ದಿನ ಇಲ್ಲ. ಡೋಸು ಏರುತ್ತಾ ಹೋಗುತ್ತದೆ, ಶುಗರ್ ಮಾತ್ರ ಕುಣಿಯುತ್ತಿರುತ್ತದೆ. ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ ವಾರಕ್ಕೊಂದು ಭಾಗ, ಪ್ರತಿ ಚುಚ್ಚಿಗೂ ಹಿಂದಿನದಕ್ಕಿಂತ ಒಂದು ಬೆರಳಗಲ ದೂರ ಎಂಬ ನಿಯಮ ಇಟ್ಟುಕೊಳ್ಳಬೇಕು. ಗಂಟಿನಿಂದ ಒಳ್ಳೆಯ ಜಾಗಕ್ಕೆ ಬಂದಾಗ ಅದೇ ಡೋಸು ಪೂರ್ತಿ ಹೀರಿ ಲೋ ಆಗಬಹುದು, ವೈದ್ಯರನ್ನು ಕೇಳಿ ತಗ್ಗಿಸಿಯೇ ಜಾಗ ಬದಲಿಸಬೇಕು. ಪೆನ್ನಿಗೆ 4 ಮಿಲಿಮೀಟರ್ ಸೂಜಿ ದಪ್ಪಗಿದ್ದವರಿಗೂ ಸಾಕು. ಮೊದಲು 2 ಯೂನಿಟ್ ಗಾಳಿಗೆ ಬಿಟ್ಟು ಹನಿ ಬರುವುದನ್ನು ನೋಡಿ, ಚುಚ್ಚಿ ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಬೇಕು. ಹಾಲಿನಂತೆ ಬಿಳಿಯಾಗಿರುವ ಮಿಶ್ರ ಇನ್ಸುಲಿನ್ ಆದರೆ ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ತಲೆಕೆಳಗು ಮಾಡಬೇಕು. ಜೋರಾಗಿ ಕುಲುಕಬಾರದು.

ತೆರೆಯದ ಇನ್ಸುಲಿನ್ ಫ್ರಿಜ್ಜಿನ ಬಾಗಿಲಲ್ಲಿರಲಿ, ಫ್ರೀಜರಿನಲ್ಲಿ ಬೇಡ, ಒಮ್ಮೆ ಹೆಪ್ಪುಗಟ್ಟಿದ್ದನ್ನು ಎಸೆಯಬೇಕು. ಬಳಕೆಯಲ್ಲಿರುವುದು 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಬಾಳುತ್ತದೆ. ರಾಯಚೂರು ಕಲಬುರಗಿಯ ಬೇಸಿಗೆ 40 ದಾಟುವಾಗ ಕಪಾಟಿನಲ್ಲಿಟ್ಟರೆ ಅಷ್ಟು ಬಾಳದು. ಫ್ರಿಜ್ಜಿಲ್ಲದ ಮನೆಯಲ್ಲಿ ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಮರಳು ತುಂಬಿ, ಮರಳನ್ನು ದಿನಕ್ಕೆರಡು ಸಲ ತೋಯಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಬಾಟಲಿಯನ್ನು ಒಳ ಮಡಕೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ ನೆರಳಲ್ಲಿಡಬಹುದು.

ಶುಗರ್ 70ರ ಕೆಳಗಿಳಿದು ಬೆವರು, ನಡುಕ, ತಲೆಸುತ್ತು ಬಂದರೆ ಮೂರು ನಾಲ್ಕು ಚಮಚ ಗ್ಲೂಕೋಸ್ ಪುಡಿ ನೀರಲ್ಲಿ ಕದಡಿ ಕುಡಿದು, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕು. ಚೀಟಿಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವವರಿಗೆ ಸಕ್ಕರೆ, ಪೆಪ್ಪರ್‌ಮಿಂಟ್, ಬೆಲ್ಲ ಕೊಟ್ಟು ಕಾಯುವುದು ಸರಿಯಲ್ಲ. ಸಕ್ಕರೆಯನ್ನು ಒಡೆಯುವ ಕಿಣ್ವವನ್ನೇ ಆ ಮಾತ್ರೆ ಕಟ್ಟಿಹಾಕಿರುತ್ತದೆ. ಅಂಥವರ ಮನೆಯಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಆಂಬುಲೆನ್ಸಿಗೆ 108 ಒತ್ತಿ. ಗ್ಲಿಮೆಪಿರೈಡ್ ಅಥವಾ ಅದೇ ಬಗೆಯ ಗ್ಲಿಬೆನ್‌ಕ್ಲಮೈಡ್ ನುಂಗುವವರಲ್ಲಿ ಒಮ್ಮೆ ಸರಿಯಾದ ಲೋ ಕೆಲವು ಗಂಟೆಯ ಮೇಲೆ ಮರುಕಳಿಸುತ್ತದೆ, ಆಸ್ಪತ್ರೆಯಲ್ಲಿ ಒಂದು ದಿನ ಇರಿಸಿಕೊಳ್ಳುವುದು ಅದಕ್ಕೇ.

ಹಳೆಯ ರೋಗಿಗಳಲ್ಲಿ ಶುಗರ್ ಏರುವುದಕ್ಕಿಂತ ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ತಾನಾಗಿ ಇಳಿಯುವುದು. ಹದಿನೈದು ವರ್ಷ ಏರಿದ್ದ ಶುಗರ್ ಅದೇ ಮಾತ್ರೆಯಲ್ಲಿ ಇಳಿಯತೊಡಗಿದರೆ ಮನೆಯವರು ಯಾವುದೋ ಕಷಾಯದ ಮಹಿಮೆ ಎನ್ನುತ್ತಾರೆ. ಕಿಡ್ನಿ ಸೋಲುತ್ತಿರುವಾಗ ಇನ್ಸುಲಿನ್ನೂ ಕೆಲವು ಮಾತ್ರೆಗಳೂ ದೇಹದಿಂದ ಹೊರಹೋಗದೆ ಉಳಿದು ಹೀಗಾಗುತ್ತದೆ. ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ ಅಂಕಿ ಒಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. ಎಪ್ಪತ್ತು ವರ್ಷದ ಹೆಂಗಸಿಗೆ ಕ್ರಿಯಾಟಿನಿನ್ 1.2 ಬಂದರೆ ನಾರ್ಮಲ್‌ಗೆ ಹತ್ತಿರ ಎಂದು ಬಿಡುತ್ತಾರೆ. ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕಿದ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗ) 48ರ ಆಸುಪಾಸು, ಅಂದರೆ ಕಿಡ್ನಿಯ ಕೆಲಸ ಅರ್ಧಕ್ಕಿಳಿದಿದೆ. ಇಜಿಎಫ್‌ಆರ್ 45ರ ಕೆಳಗಿಳಿದರೆ ಮೆಟ್‌ಫಾರ್ಮಿನ್ ಡೋಸನ್ನು ಸಾಮಾನ್ಯವಾಗಿ ಅರ್ಧಕ್ಕೆ ಇಳಿಸಬೇಕು, 30ರ ಕೆಳಗೆ ನಿಲ್ಲಿಸಬೇಕು. ಗ್ಲಿಬೆನ್‌ಕ್ಲಮೈಡ್ ಇಂಥವರಿಗೆ ಬೇಡವೇ ಬೇಡ.

ಕೊನೆಗೆ ಆರೋಗ್ಯ ಇಲಾಖೆಗೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆ, ಬಿಪಿಯಂಥ ಅಂಟದ ಕಾಯಿಲೆಗಳ ಎನ್‌ಸಿಡಿ ಕ್ಲಿನಿಕ್ ಇದೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಿಗೇ ಹೋಗಿ ಶುಗರ್, ಬಿಪಿ ನೋಡುತ್ತದೆ. ಹೊಸ ರೋಗಿಗಳನ್ನು ಪತ್ತೆ ಹಚ್ಚುವುದಕ್ಕೆ ಕೊಟ್ಟ ಗಮನ ಹಳಬರಿಗೂ ಸಿಗಲಿ. ಆರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ವರ್ಷಕ್ಕೊಮ್ಮೆ ಇಜಿಎಫ್‌ಆರ್, ಮೂತ್ರದ ಅಲ್ಬುಮಿನ್, ಕಣ್ಣಿನ ಪರದೆ ಮತ್ತು ಬರಿಗಾಲಿನ ತಪಾಸಣೆ ಇವು ಕಾರ್ಡಿನಲ್ಲಿ ಅಚ್ಚಾದ ಖಾನೆಗಳಾಗಿರಲಿ, ಖಾಲಿ ಬಿಟ್ಟರೆ ಕಣ್ಣಿಗೆ ಬೀಳುವಂತೆ. ಇನ್ಸುಲಿನ್ ಕೊಡುವ ಕಿಟಕಿಯಲ್ಲೇ ಅದಕ್ಕೆ ಹೊಂದುವ ಸಿರಿಂಜನ್ನೂ ಕೊಡಬೇಕು, ಹೊರಗಿನ ಅಂಗಡಿಯಿಂದ ತರಲು ಹೇಳಿದಾಗಲೇ ಅದಲುಬದಲು ಆಗುವುದು. ಇನ್ನು ಲ್ಯಾಬಿನ ವರದಿಯಲ್ಲಿ ಕ್ರಿಯಾಟಿನಿನ್ ಪಕ್ಕ ಇಜಿಎಫ್‌ಆರ್ ಮುದ್ರಿಸಲು ಹೊಸ ಯಂತ್ರವೂ ಬೇಡ, ಹೆಚ್ಚು ರಕ್ತವೂ ಬೇಡ. ವಯಸ್ಸು, ಲಿಂಗ ನಮೂದಿಸಿದರೆ ಕಂಪ್ಯೂಟರೇ ಲೆಕ್ಕ ಹಾಕುತ್ತದೆ. ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಬರುವ ತಿಂಗಳಿಂದಲೇ ಆಗುವ ಕೆಲಸ ಇದು.

ಇಂತಿ,
ಒಬ್ಬ ಫಿಜಿಷಿಯನ್, ಹಾಸನ